ಸಂಡಿಗೆ ಒಣಹಾಕುವ ಸಂದರ್ಭದಲ್ಲಿ ಮಳೆಯ ಬಗ್ಗೆ ಅಭಿಪ್ರಾಯ ನೀಡುವ ಕುರಿತು

ದೀರ್ಘಾವಧಿ ವಾಯುಗುಣ ಗಣನಾ ಕೇಂದ್ರ
ಆಡಳಿತ ಶಾಖೆ, ಕೆಂಗೇರಿ ಉಪನಗರ, ಬೆಂಗಳೂರು

ಸಂಖ್ಯೆ: ದೀವಾಗಕೇಂ/ಆಡಳಿತ/ಮಳೆ/ಸಂಡಿಗೆ/07
ದಿನಾಂಕ: ಏಪ್ರಿಲ್ 30 (ಕಚೇರಿಯ ಎರಡೂ ಕ್ಯಾಲೆಂಡರುಗಳ ಪ್ರಕಾರ)

ಸುತ್ತೋಲೆ

ವಿಷಯ: ಕೇಂದ್ರದ ಸಾಫ್ಟ್‌ವೇರ್ ಎಂಜಿನಿಯರುಗಳು ಮನೆ ಮಾಲೀಕರು, ನೆಂಟರು, ಅಕ್ಕಪಕ್ಕದವರು ಹಾಗೂ ಆಟೊ ಚಾಲಕರಿಗೆ ನಾಳಿನ ಮಳೆಯ ಬಗ್ಗೆ ಅಭಿಪ್ರಾಯ ನೀಡುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ:
1. ಕುರುಬರಹಳ್ಳಿಯ ಶ್ರೀಮತಿ ವೆಂಕಟಲಕ್ಷ್ಮಮ್ಮನವರ ಮೌಖಿಕ ದೂರು (ಜೋರು ಧ್ವನಿಯಲ್ಲಿ).
2. ಸದರಿಯವರು ಹಾಜರುಪಡಿಸಿದ ಸ್ಟೀಲ್ ಡಬರಿ, ಮುಚ್ಚಳ ಸಮೇತ.
3. ಕಚೇರಿ ವೇಳೆಯಲ್ಲಿ ಕಿಟಕಿಯಿಂದ ಹೊರಗೆ ನೋಡುವುದರ ಬಗ್ಗೆ ಈ ಹಿಂದೆ ಹೊರಡಿಸಿ, ಯಾರೂ ಓದದೇ ಇರುವ ಸುತ್ತೋಲೆ.

ಪ್ರಸ್ತಾವನೆ:

ಈ ಕೇಂದ್ರದಲ್ಲಿ ಸೂಪರ್ ಕಂಪ್ಯೂಟರಿನ ಮೇಲೆ ಭೂಮಿಯ ವಾಯುಗುಣದ ಮಾದರಿಯನ್ನು ಓಡಿಸಿ, ಇನ್ನು ಐವತ್ತು ಅರವತ್ತು ವರ್ಷಗಳ ನಂತರ ಗಾಳಿ, ಮೋಡ, ಸಮುದ್ರ ಇವು ಹೇಗಿರುತ್ತವೆ ಎಂದು ಲೆಕ್ಕ ಹಾಕಲಾಗುತ್ತಿದೆ. ನಾಳೆ ಹೇಗಿರುತ್ತದೆ ಎಂಬುದು ಈ ಕೇಂದ್ರದ ವ್ಯಾಪ್ತಿಗೆ ಬರುವುದಿಲ್ಲ. ಅದು ಬೇರೆ ಇಲಾಖೆಯ ಕೆಲಸ. ಈ ಸಂಗತಿಯನ್ನು ನೌಕರರು ತಮ್ಮ ತಮ್ಮ ಮನೆಗಳಲ್ಲಿ ಹೇಳಿ ಹೇಳಿ ಸೋತಿರುತ್ತಾರೆ. ಕೆಳಗೆ ಸಹಿ ಮಾಡಿರುವ ಅಧಿಕಾರಿಯ ರಾಜಾಜಿನಗರದ ಮನೆಯಲ್ಲೂ ಛತ್ರಿ ತೆಗೆದುಕೊಂಡು ಹೋಗಬೇಕೇ ಎಂದು ದಿನಾ ಕೇಳಲಾಗುತ್ತಿದ್ದು, ಕೊಟ್ಟ ಉತ್ತರಕ್ಕೆ ವಿರುದ್ಧವಾಗಿ ನಡೆದುಕೊಳ್ಳಲಾಗುತ್ತಿದೆ.

ಹೀಗಿರುವಾಗ, ಕೇಂದ್ರದ ಸಾಫ್ಟ್‌ವೇರ್ ಎಂಜಿನಿಯರ್ ಕುಮಾರಿ ಮೇಧಾ ಅವರು ಕುರುಬರಹಳ್ಳಿಯಲ್ಲಿ ಶ್ರೀಮತಿ ವೆಂಕಟಲಕ್ಷ್ಮಮ್ಮನವರ ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದು, ಮೋಡದ ಲೆಕ್ಕ ಮಾಡುವ ಪ್ರೋಗ್ರಾಮನ್ನು ಸರಿಪಡಿಸುವ ಕೆಲಸದಲ್ಲಿ ತೊಡಗಿದ್ದರು. ಆ ಪ್ರೋಗ್ರಾಮನ್ನು ಯಾರೋ ಹಿಂದಿನವರು ಬರೆದಿದ್ದು, ಅದರಲ್ಲಿ ಎಲ್ಲೋ ಒಂದು ಕಡೆ ಕೂಡುವ ಬದಲು ಕಳೆದಿದ್ದರಿಂದ ಮಾದರಿಯಲ್ಲಿ ಮಳೆಯು ನೆಲದಿಂದ ಆಕಾಶಕ್ಕೆ ಹೋಗುತ್ತಿತ್ತು. ಕಳೆದ ವಾರ ಒಂದು ಸಂಜೆ ಮನೆಯ ಟೆರೇಸಿನ ಮೆಟ್ಟಿಲ ಮೇಲೆ ಕೂತು ಮೇಧಾ ಅವರು ಆ ತಪ್ಪನ್ನು ಹಿಡಿದರು. ಮಳೆ ಕೆಳಗೆ ಬೀಳತೊಡಗಿತು. ಅವರಿಗೆ ಬಹಳ ಸಂತೋಷವಾಗಿತ್ತು ಎಂದು ಅವರೇ ವಿಚಾರಣೆಯಲ್ಲಿ ಒಪ್ಪಿಕೊಂಡಿರುತ್ತಾರೆ.

ಅದೇ ಹೊತ್ತಿಗೆ ಶ್ರೀಮತಿ ವೆಂಕಟಲಕ್ಷ್ಮಮ್ಮನವರು ಮೇಲೆ ಬಂದು, “ಏನವ್ವಾ ಮೇಧಾ, ರಮ್ಯಶ್ರೀ ಮದ್ವೆಗೆ ನಾಳೆ ಸಂಡಿಗೆ ಹಾಕಣ ಅಂತಿದೀನಿ. ಮಳೆ ಗಿಳೆ ಬರತ್ತಾ? ನಿಂದು ಅದೇ ಕೆಲ್ಸ ಅಲ್ವಾ?” ಎಂದು ಕೇಳಿರುತ್ತಾರೆ. ರಮ್ಯಶ್ರೀ ಎಂಬುವವರು ಸದರಿಯವರ ಮೊಮ್ಮಗಳು. ಮದುವೆ ಬರುವ ತಿಂಗಳು. ಮೇಧಾ ಅವರು ತಮ್ಮ ಮುಂದಿದ್ದ ನಕ್ಷೆಯನ್ನು ನೋಡಿ, ಬೆಂಗಳೂರಿನ ಮೇಲೆ ಒಂದು ಹನಿಯೂ ಇಲ್ಲದಿರುವುದನ್ನು ಗಮನಿಸಿ, “ಬರಲ್ಲ ಅಜ್ಜಿ, ಆರಾಮಾಗಿ ಹಾಕಿ” ಎಂದಿರುತ್ತಾರೆ.

ಅವರು ನೋಡುತ್ತಿದ್ದ ನಕ್ಷೆಯೂ ಏಪ್ರಿಲ್ ತಿಂಗಳಿನ ಒಂದು ದಿನದ್ದೇ. ಆದರೆ ಅದು 2071ರ ಏಪ್ರಿಲ್.

ಮರುದಿನ ಬೆಳಗ್ಗೆ ಹಿಟ್ಟು ಕಾಸಿ, ಟೆರೇಸಿನ ಮೇಲೆ ಹಳೇ ಪಂಚೆಗಳನ್ನು ಹಾಸಿ, ಚಕ್ಕಲಿ ಒರಳಿನಲ್ಲಿ ಒತ್ತಲಾದ ಅಕ್ಕಿ ಸಂಡಿಗೆಯು ಮಧ್ಯಾಹ್ನ ಬಂದ ಮಳೆಗೆ ಗಂಜಿಯಾಗಿರುತ್ತದೆ. ಸದರಿ ಗಂಜಿಯನ್ನು ಡಬರಿಗೆ ತುಂಬಿಕೊಂಡು, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಿ, ಶ್ರೀಮತಿ ವೆಂಕಟಲಕ್ಷ್ಮಮ್ಮನವರು ಈ ಕಚೇರಿಯ ಸ್ವಾಗತ ಮೇಜಿನ ಮೇಲೆ ತಂದು ಇಟ್ಟು, “ಐವತ್ತು ವರ್ಷ ಆದ್ಮೇಲೆ ಏನಾಗತ್ತೆ ಅಂತ ಹೇಳ್ತೀರಂತೆ, ನಾಳೆದು ಹೇಳಕ್ಕಾಗಲ್ವಾ? ಏನ್ ಕಟ್ಕೊಂಡು ಕೂತಿದೀರಪ್ಪಾ ಇಲ್ಲಿ?” ಎಂದು ಪ್ರಶ್ನಿಸಿರುತ್ತಾರೆ. ಕಚೇರಿಯು ಡಬರಿಯನ್ನು ಸಾಕ್ಷ್ಯವಾಗಿ ಸ್ವೀಕರಿಸಿರುತ್ತದೆ.

ಅಂದಿನಿಂದ ಅವರು ಮೇಧಾ ಅವರೊಂದಿಗೆ ಮಾತು ಬಿಟ್ಟಿದ್ದು, ದಿನಾ ಬೆಳಗ್ಗೆ ಮಹಡಿಗೆ ಹೋಗುತ್ತಿದ್ದ ಕಾಫಿಯೂ ನಿಂತಿರುತ್ತದೆ. ಅಜ್ಜಿಯು ಇನ್ನು ಆ ಹುಡುಗಿಯ ಮಾತನ್ನು ನಂಬುತ್ತಾರೆಯೇ ಎಂಬುದು ಮೇಧಾ ಅವರ ಖಾಸಗಿ ವಿಷಯವೆಂದು ಮೊದಲು ಭಾವಿಸಲಾಗಿತ್ತು. ಆದರೆ ಮೇಧಾ ಅವರು ಊಟ ಬಿಟ್ಟು ಕೂತಿದ್ದರಿಂದ, ಮೋಡದ ಕೆಲಸವು ನಿಂತು, ಅದು ಆಡಳಿತಾತ್ಮಕ ವಿಷಯವಾಗಿರುತ್ತದೆ.

ಆದ್ದರಿಂದ, ಕೂಡಲೇ ಜಾರಿಗೆ ಬರುವಂತೆ ಎಲ್ಲ ನೌಕರರಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ನಾಳೆ ಮಳೆ ಬರುತ್ತದೆಯೇ ಎಂದು ಯಾರೇ ಕೇಳಿದರೂ ನೌಕರರು ಮೊದಲು ಎರಡೂ ಕೈಗಳನ್ನು ಲ್ಯಾಪ್‌ಟಾಪಿನಿಂದ ತೆಗೆಯತಕ್ಕದ್ದು. ನಂತರ ಪರದೆಯ ಮೇಲಿರುವ ಇಸವಿಯನ್ನು ಗಟ್ಟಿಯಾಗಿ ಓದತಕ್ಕದ್ದು. ಇಸವಿಯು ಈ ವರ್ಷದ್ದಾಗಿರದಿದ್ದಲ್ಲಿ ಬಾಯಿ ಮುಚ್ಚತಕ್ಕದ್ದು.

2. ಕೇಳಿದವರು ಬಿಡದೇ ಇದ್ದಲ್ಲಿ ಈ ಕೆಳಗಿನ ಅನುಮೋದಿತ ಉತ್ತರವನ್ನು ಮಾತ್ರ ನೀಡುವುದು: “ಈ ಪ್ರದೇಶದ ಮೂವತ್ತು ವರ್ಷಗಳ ಸರಾಸರಿ ಮಳೆಯ ಪ್ರವೃತ್ತಿಯನ್ನು ಹೊರತುಪಡಿಸಿ ಬೇರೆ ಯಾವುದರ ಬಗ್ಗೆಯೂ ನನಗೆ ತಿಳಿವಳಿಕೆ ಇರುವುದಿಲ್ಲ.” ಈ ಉತ್ತರವನ್ನು ಪ್ರಾಯೋಗಿಕವಾಗಿ ವಿಜಯನಗರದ ತರಕಾರಿ ಮಾರುಕಟ್ಟೆಯಲ್ಲಿ ಹೇಳಿ ನೋಡಲಾಯಿತು. ಕೇಳಿದ ಮಹಿಳೆಯು “ಅಯ್ಯೋ ಪಾಪ” ಎಂದು ಒಂದು ಹಿಡಿ ಕೊತ್ತಂಬರಿ ಸೊಪ್ಪನ್ನು ಸುಮ್ಮನೆ ಕೊಟ್ಟಿರುತ್ತಾರೆ. ಸದರಿ ಸೊಪ್ಪನ್ನು ಉಡುಗೊರೆಯೆಂದು ಪರಿಗಣಿಸಿ ಕ್ಯಾಂಟೀನಿಗೆ ಜಮಾ ಮಾಡಲಾಗಿದೆ.

3. ನೌಕರರು ಆಕಾಶವನ್ನು ನೋಡಿ ಮಳೆಯ ಬಗ್ಗೆ ತೀರ್ಮಾನಕ್ಕೆ ಬರುವಂತಿಲ್ಲ. ಆಕಾಶವು ಕೇಂದ್ರದ ಮಾದರಿಯಿಂದ ಪರಿಶೀಲಿಸಲ್ಪಟ್ಟ ದತ್ತಾಂಶವಲ್ಲ. ಮಂಡಿ ನೋವಿನ ಆಧಾರದ ಮೇಲೆ ಮಳೆ ಹೇಳುವ ಹಿರಿಯ ನೌಕರರಿಗೂ ಇದು ಅನ್ವಯಿಸುತ್ತದೆ. ಅವರ ಹೇಳಿಕೆಗಳು ಬಹುತೇಕ ಸರಿಯಾಗುತ್ತಿರುವುದನ್ನು ಕಚೇರಿಯು ಗಮನಿಸಿದ್ದು, ಅಸಮಾಧಾನ ವ್ಯಕ್ತಪಡಿಸಿದೆ.

4. ಕೇಂದ್ರದ ಮಾದರಿಯಲ್ಲಿ ಭೂಮಿಯನ್ನು ಚೌಕಗಳಾಗಿ ವಿಂಗಡಿಸಲಾಗಿದ್ದು, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ದೀಪಾಂಜಲಿ ನಗರ, ರಾಜರಾಜೇಶ್ವರಿನಗರ ಮತ್ತು ಕೆಂಗೇರಿ ಇವೆಲ್ಲ ಒಂದೇ ಚೌಕದೊಳಗೆ ಬರುತ್ತವೆ. ಒಂದು ಚೌಕಕ್ಕೆ ಒಂದೇ ಮಳೆ. ಮೋಡದ ಪ್ರೋಗ್ರಾಮಿನಲ್ಲೇ ಕೆಲಸ ಮಾಡುವ ಶ್ರೀ ಸುಘೋಷ್ ಅವರು ಮೊನ್ನೆ ವಿಜಯನಗರದಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡೆನೆಂದು ತಡವಾಗಿ ಬಂದಿದ್ದು, ಆ ಹೊತ್ತಿಗೆ ಕೆಂಗೇರಿಯಲ್ಲಿ ಬಿಸಿಲು ಚುರುಗುಡುತ್ತಿತ್ತು. ಒಂದೇ ಚೌಕದಲ್ಲಿ ಎರಡು ಹವೆ ಇರಲು ಸಾಧ್ಯವಿಲ್ಲವಾದ್ದರಿಂದ ಅವರ ವಿವರಣೆಯನ್ನು ತಿರಸ್ಕರಿಸಲಾಗಿದೆ. ಒದ್ದೆ ಶರ್ಟು ಸಾಕ್ಷ್ಯವಾಗುವುದಿಲ್ಲ. ಇನ್ನು ಮುಂದೆ ನೌಕರರು ಚೌಕದ ಸರಾಸರಿಯಷ್ಟು ಮಾತ್ರ ನೆನೆಯತಕ್ಕದ್ದು.

5. ಮಾದರಿಯನ್ನು ಒಮ್ಮೆ ಓಡಿಸಿ ಬಂದ ಉತ್ತರವನ್ನು ನಂಬುವ ಪದ್ಧತಿ ಈ ಕೇಂದ್ರದಲ್ಲಿ ಇಲ್ಲ. ಆರಂಭದಲ್ಲಿ ಒಂದಿಷ್ಟು ಬದಲಾವಣೆ ಮಾಡಿ, ಹಲವು ಸಲ ಓಡಿಸಿ, ಎಲ್ಲದರ ಸರಾಸರಿ ತೆಗೆಯುವುದು ಕ್ರಮ. ಇದೇ ಕ್ರಮವನ್ನು ಮನೆಗಳಿಗೂ ವಿಸ್ತರಿಸಲಾಗಿದೆ. ಮಳೆಯ ಬಗ್ಗೆ ಕೇಳಲಾದ ಪ್ರಶ್ನೆಗೆ ಒಬ್ಬರೇ ನೌಕರರು ಉತ್ತರಿಸದೆ, ಕಾಫಿ ಕುಡಿದ ಒಬ್ಬರು, ಕುಡಿಯದ ಒಬ್ಬರು, ನಿದ್ದೆಗೆಟ್ಟ ಒಬ್ಬರು, ಬಡ್ತಿ ಸಿಕ್ಕ ಒಬ್ಬರು, ಸಿಗದ ಒಬ್ಬರು ಹೀಗೆ ಬೇರೆ ಬೇರೆ ಸ್ಥಿತಿಯಲ್ಲಿರುವವರು ಉತ್ತರಿಸಿ, ಸರಾಸರಿಯನ್ನು ಪ್ರಶ್ನೆ ಕೇಳಿದವರಿಗೆ ತಿಳಿಸತಕ್ಕದ್ದು. ಅಷ್ಟರೊಳಗೆ ಮಳೆ ಬಂದು ನಿಂತಿದ್ದಲ್ಲಿ ಕಡತವನ್ನು ಮುಕ್ತಾಯಗೊಳಿಸುವುದು.

6. ಮಾದರಿಯಲ್ಲಿ ಲೆಕ್ಕದ ಸೌಕರ್ಯಕ್ಕಾಗಿ ಎಲ್ಲ ತಿಂಗಳುಗಳಿಗೂ ಮೂವತ್ತು ದಿನಗಳನ್ನು ನಿಗದಿಪಡಿಸಲಾಗಿದೆ. ಈ ಕ್ಯಾಲೆಂಡರನ್ನು ನೌಕರರು ಖಾಸಗಿ ಜೀವನದಲ್ಲಿ ಬಳಸುವಂತಿಲ್ಲ. ಮೇಲ್ಕಂಡ ಶ್ರೀ ಸುಘೋಷ್ ಅವರು ಫೆಬ್ರುವರಿ 30ರಂದು ಸಾಂದರ್ಭಿಕ ರಜೆ ಕೋರಿದ್ದು, ಅದನ್ನು ಈ ಶಾಖೆಯು ಮಂಜೂರು ಮಾಡಿರುತ್ತದೆ. ಮಂಜೂರು ಮಾಡಿದವರು ಯಾರು ಎಂಬ ಚರ್ಚೆ ಇಲ್ಲಿ ಅಪ್ರಸ್ತುತ. ಸದರಿ ದಿನವನ್ನು ಅವರು ಎಲ್ಲಿ, ಹೇಗೆ ಕಳೆದರು ಎಂಬ ಬಗ್ಗೆ ವಿವರಣೆ ಕೇಳಲಾಗಿದೆ.

7. “ಸಂಡಿಗೆ” ಎಂದರೆ ಈ ಸುತ್ತೋಲೆಯ ಉದ್ದೇಶಕ್ಕಾಗಿ ಅಕ್ಕಿ ಸಂಡಿಗೆ, ಸಬ್ಬಕ್ಕಿ ಸಂಡಿಗೆ, ಅರಳು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ ಹಾಗೂ ಬಿಸಿಲಿಗೆ ಹಾಕಲಾದ ಹಾಸಿಗೆಯನ್ನು ಒಳಗೊಳ್ಳುತ್ತದೆ. ಕಾರು ತೊಳೆಯುವುದನ್ನು ಒಳಗೊಳ್ಳುವುದಿಲ್ಲ. ಕಾರು ತೊಳೆದರೆ ಮಳೆ ಬರುತ್ತದೆ ಎಂಬುದು ನಿರ್ದೇಶಕರ ವೈಯಕ್ತಿಕ ಸಂಶೋಧನೆಯಾಗಿದ್ದು, ಇನ್ನೂ ಪ್ರಕಟವಾಗಿರುವುದಿಲ್ಲ.

8. ಸಾಕ್ಷ್ಯವಾಗಿ ಸ್ವೀಕರಿಸಲಾದ ಡಬರಿಯ ಬಗ್ಗೆ: ಕ್ಯಾಂಟೀನಿನ ಫ್ರಿಜ್ಜಿನಲ್ಲಿ ನೌಕರರ ಟಿಫನ್ ಡಬ್ಬಿಗಳು ತುಂಬಿದ್ದರಿಂದ, ಕಟ್ಟಡದಲ್ಲೇ ಅತ್ಯಂತ ತಂಪಾದ ಸೂಪರ್ ಕಂಪ್ಯೂಟರ್ ಕೊಠಡಿಯಲ್ಲಿ ಡಬರಿಯನ್ನು ಇರಿಸಲಾಗಿತ್ತು. ಎರಡು ದಿನ ಎಲ್ಲವೂ ಸುಗಮವಾಗಿತ್ತು. ನಂತರ ಕೊಠಡಿಯಲ್ಲಿ ಹುಳಿ ವಾಸನೆ ಬರುತ್ತಿದೆಯೆಂದು ಯಂತ್ರ ಸರಬರಾಜು ಮಾಡಿದ ಕಂಪನಿಯ ತಜ್ಞರನ್ನು ಕರೆಸಲಾಯಿತು. ಅವರು ಇಡೀ ದಿನ ವೈರು, ಫ್ಯಾನು, ನೀರಿನ ಕೊಳವೆ ಎಲ್ಲವನ್ನೂ ಪರೀಕ್ಷಿಸಿ, ಕೊನೆಗೆ ಮುಚ್ಚಳ ತೆಗೆದು ನೋಡಿ, ತಮ್ಮ ವರದಿಯಲ್ಲಿ “ಉಪ್ಪು ಸರಿ ಇದೆ” ಎಂದು ಮಾತ್ರ ಬರೆದಿರುತ್ತಾರೆ. ಇನ್ನು ಮುಂದೆ ಸೂಪರ್ ಕಂಪ್ಯೂಟರ್ ಕೊಠಡಿಗೆ ಬೇಯಿಸಿದ ಸಾಕ್ಷ್ಯವನ್ನು ಒಯ್ಯತಕ್ಕದ್ದಲ್ಲ.

9. ದೂರುದಾರರಿಗೆ ತಿಳಿವಳಿಕೆ ನೀಡಿದ ಬಗ್ಗೆ: ಹವಾಮಾನಕ್ಕೂ ವಾಯುಗುಣಕ್ಕೂ ಇರುವ ವ್ಯತ್ಯಾಸವನ್ನು ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಶ್ರೀಮತಿ ವೆಂಕಟಲಕ್ಷ್ಮಮ್ಮನವರಿಗೆ ಚಿತ್ರ ಬರೆದು ವಿವರಿಸಿದ್ದು, ಅವರು ಕಾಫಿ ಕುಡಿಯುತ್ತಾ ಪೂರ್ತಿಯಾಗಿ ಕೇಳಿಸಿಕೊಂಡರು. ಇಷ್ಟು ತಾಳ್ಮೆಯಿಂದ ಈ ವಿವರಣೆಯನ್ನು ಈ ಹಿಂದೆ ಯಾವ ಸಚಿವಾಲಯವೂ ಕೇಳಿಸಿಕೊಂಡಿರುವುದಿಲ್ಲ. ಮುಗಿದ ಮೇಲೆ ಅವರು ಲೋಟ ಕೆಳಗಿಟ್ಟು ಹೀಗೆ ಕೇಳಿದರು: “ಸರಿ ಸಾರ್. ನಾಳೆದು ನಿಮ್ಗೆ ಬರಲ್ಲ, ಬುಡಿ. ನಮ್ ರಮ್ಯಶ್ರೀಗೆ ಒಂದು ಮಗಳು ಹುಟ್ಟಿ, ಆ ಮಗಳು ಅಜ್ಜಿ ಆಗ್ತಾಳಲ್ಲ, ಆವಾಗ ನಮ್ಮನೆ ಟೆರೇಸ್ ಮೇಲೆ ಏಪ್ರಿಲಲ್ಲಿ ಸಂಡಿಗೆ ಒಣಗತ್ತಾ? ಅದು ನಿಮ್ದೇ ಅಲ್ವಾ?”

ಅದು ನಮ್ಮದೇ ಆಗಿರುತ್ತದೆ. ಈ ಕೇಂದ್ರವನ್ನು ಸ್ಥಾಪಿಸಿರುವುದೇ ಅದನ್ನು ಹೇಳುವುದಕ್ಕೆ. ಕೇಂದ್ರ ಆರಂಭವಾದಂದಿನಿಂದ ಸಾರ್ವಜನಿಕರಲ್ಲಿ ಯಾರೂ ಈ ಪ್ರಶ್ನೆಯನ್ನು ಕೇಳಿರಲಿಲ್ಲ. ಎಲ್ಲರೂ ನಾಳೆಯದನ್ನೇ ಕೇಳಿದ್ದರು. ಅಧಿಕಾರಿಯು ಲಿಖಿತದಲ್ಲಿ ಸಲ್ಲಿಸಿ ಎಂದಿದ್ದು, ಅದಕ್ಕಾಗಿ ಈಗ ನಾಚಿಕೆಯಾಗುತ್ತಿದೆ. ಈ ವಾಕ್ಯವನ್ನು ಅಂತಿಮ ಪ್ರತಿಯಲ್ಲಿ ತೆಗೆಯುವಂತೆ ಸೂಚಿಸಲಾಗಿತ್ತು. ಬೆರಳಚ್ಚು ಶಾಖೆಯವರು ತೆಗೆದಿರುವುದಿಲ್ಲ.

10. ಈ ಪ್ರಶ್ನೆಗೆ ಉತ್ತರ ಹುಡುಕಲು ಮಾದರಿಯಲ್ಲಿ “ಸಂಡಿಗೆ ದಿನ” ಎಂಬ ಹೊಸ ಲೆಕ್ಕವನ್ನು ಸೇರಿಸಲು ಮೇಧಾ ಅವರಿಗೆ ಅನುಮತಿ ನೀಡಲಾಯಿತು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು, ಹಾಸಿದ ಪಂಚೆ ಹಾರದಷ್ಟು ಗಾಳಿ, ಹನಿ ಇಲ್ಲ, ಇಂತಹ ದಿನಗಳು ಬೆನ್ನು ಬೆನ್ನಿಗೆ ಬಂದರೆ ಮಾತ್ರ ಸಂಡಿಗೆ ಒಣಗುತ್ತದೆ ಎಂಬ ಮಾನದಂಡವನ್ನು ಕ್ಯಾಂಟೀನಿನ ಅಡುಗೆಯವರೊಂದಿಗೆ ಚರ್ಚಿಸಿ ಅಂತಿಮಗೊಳಿಸಲಾಗಿದೆ. ಕಾಗೆಯನ್ನು ಮಾದರಿಯಲ್ಲಿ ಸೇರಿಸಿರುವುದಿಲ್ಲ. ಸೂಪರ್ ಕಂಪ್ಯೂಟರಿನ ಸರದಿಯಲ್ಲಿ ಮುಂಗಾರಿನ ಲೆಕ್ಕ, ಸಮುದ್ರದ ಲೆಕ್ಕ ಮತ್ತಿತರ ದೊಡ್ಡ ದೊಡ್ಡ ಲೆಕ್ಕಗಳು ಕಾಯುತ್ತಿದ್ದರೂ, ಸಂಡಿಗೆಯನ್ನು ಮುಂದಕ್ಕೆ ಬಿಡುವಂತೆ ನಿರ್ದೇಶಕರು ಫೋನಿನಲ್ಲಿ ತಿಳಿಸಿದರು. ಮೇಧಾ ಅವರು ಒಂದು ಸಲ ಓಡಿಸಿ ನಂಬಲಿಲ್ಲ. ಬೇರೆ ಬೇರೆ ಆರಂಭಗಳಿಂದ ಮತ್ತೆ ಮತ್ತೆ ಓಡಿಸಿದರು. ತಮ್ಮ ಪ್ರೋಗ್ರಾಮಿನಲ್ಲೇ ಇನ್ನೊಂದು ತಪ್ಪು ಇರಬಹುದೆಂದು ಸಾಲು ಸಾಲಾಗಿ ಹುಡುಕಿದರು. ಸುಘೋಷ್ ಅವರೂ ಜೊತೆಗೆ ಕೂತು ಹುಡುಕಿರುತ್ತಾರೆ. ತಪ್ಪು ಸಿಗಲಿಲ್ಲ.

ಉತ್ತರ ಬಂದ ದಿನ ಮೇಧಾ ಅವರು ಲ್ಯಾಪ್‌ಟಾಪ್ ಮುಚ್ಚಿ, ಕ್ಯಾಂಟೀನಿಗೆ ಹೋಗಿ, ಕಾಫಿ ತೆಗೆದುಕೊಂಡು, ಕುಡಿಯದೆ ವಾಪಸ್ ಇಟ್ಟು ಬಂದಿರುತ್ತಾರೆ. ಉತ್ತರವನ್ನು ಈ ಸುತ್ತೋಲೆಯಲ್ಲಿ ನಮೂದಿಸುವ ಅಗತ್ಯವಿಲ್ಲವೆಂದು ಭಾವಿಸಲಾಗಿದೆ.

11. ಸದರಿ ಉತ್ತರವನ್ನು ಮದುವೆ ಮುಗಿಯುವವರೆಗೆ ವೆಂಕಟಲಕ್ಷ್ಮಮ್ಮನವರಿಗೆ ತಿಳಿಸಬಾರದು. ಕೇಳಿದಲ್ಲಿ “ಇನ್ನೂ ಓಡ್ತಾ ಇದೆ ಅಜ್ಜಿ” ಎನ್ನತಕ್ಕದ್ದು ಎಂದು ಈ ಕಂಡಿಕೆಯ ಕರಡಿನಲ್ಲಿ ಇತ್ತು. ಕರಡು ಸಿದ್ಧಪಡಿಸಿದ ಅಧಿಕಾರಿಗೆ ಅದು ಒಳ್ಳೆಯ ಕಂಡಿಕೆ ಎಂದೇ ಅನ್ನಿಸಿತ್ತು. ಮದುವೆ ಮನೆ, ಈಗ ಯಾಕೆ ಎಂಬ ಭಾವನೆ. ಆದರೆ ಮೇಧಾ ಅವರು ಕೊಠಡಿಗೆ ಬಂದು, “ಸಾರ್, ಒಂದ್ಸಲ ಇಸ್ವಿ ನೋಡ್ದೆ ತಪ್ಪು ಹೇಳಿದೀನಿ. ಈಗ ನೋಡ್ಕೊಂಡೂ ತಪ್ಪು ಹೇಳು ಅಂದ್ರೆ ಹೇಳಲ್ಲ. ಮನೆ ಖಾಲಿ ಮಾಡು ಅಂತಾರೇನೋ, ಮಾಡ್ತೀನಿ” ಎಂದು ತಿಳಿಸಿ, ಅನುಮತಿಗೆ ಕಾಯದೆ ಹೊರಟು ಹೋಗಿರುತ್ತಾರೆ. ಅಂದು ಸಂಜೆಯೇ ಅಜ್ಜಿಯ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿರುತ್ತಾರೆ. ಸತ್ಯ ಹೇಳಿದ ಸದರಿ ಕ್ರಮಕ್ಕೆ ಈ ಮೂಲಕ ಘಟನೋತ್ತರ ಅನುಮೋದನೆ ನೀಡಲಾಗಿದೆ. ಇದನ್ನು ಪೂರ್ವನಿದರ್ಶನವೆಂದು ಇತರ ನೌಕರರು ಪರಿಗಣಿಸಬಾರದು.

12. ಮೇಧಾ ಅವರು ಮರುದಿನ ನೀಡಿದ ಹೇಳಿಕೆಯ ಪ್ರಕಾರ, ಎಲ್ಲವನ್ನೂ ಕೇಳಿದ ವೆಂಕಟಲಕ್ಷ್ಮಮ್ಮನವರು ಮೊದಲು ಒಲೆ ಸಣ್ಣ ಮಾಡಿದರು. ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಂತರ, “ಆವಾಗ ಒಣಗಲ್ಲ ಅನ್ನು. ಹಂಗಾದ್ರೆ ಈ ಸಲ ಇನ್ನೊಂದೆರಡು ಸೇರು ಜಾಸ್ತಿ ನೆನೆಸ್ತೀನಿ. ರಮ್ಯಶ್ರೀನೂ ಕರೀತೀನಿ, ಒತ್ತೋದು ಕಲೀಲಿ. ಹೆಂಗಿತ್ತು ಅಂತ ಅವ್ಳ ಮಗಳಿಗೆ ಹೇಳಕ್ಕಾದ್ರೂ ಬೇಕಲ್ಲ” ಎಂದರು. ಆಮೇಲೆ ಮೇಧಾ ಅವರ ಕೈಗೆ ಕಾಫಿ ಲೋಟ ಕೊಟ್ಟು, ಈ ಸುತ್ತೋಲೆಯ ಒಂದನೇ ಕಂಡಿಕೆಯಿಂದ ಏಳನೇ ಕಂಡಿಕೆಯವರೆಗಿನ ಎಲ್ಲ ನಿಯಮಗಳನ್ನೂ ಗಾಳಿಗೆ ತೂರಿ ಕೇಳಿದರು: “ಶನಿವಾರ ಹಾಕಣ ಅಂತಿದೀನಿ. ಮಳೆ ಬರತ್ತೇನವ್ವಾ?”

ಮೇಧಾ ಅವರು ಎರಡನೇ ಕಂಡಿಕೆಯ ಅನುಮೋದಿತ ಉತ್ತರವನ್ನು ಬಳಸಿರುವುದಿಲ್ಲ. “ಗೊತ್ತಿಲ್ಲ ಅಜ್ಜಿ. ನಾನೂ ಟೆರೇಸ್ ಮೇಲೇ ಇರ್ತೀನಿ, ಬಂದ್ರೆ ಇಬ್ರೂ ಸೇರಿ ಎತ್ತಣ” ಎಂದಿರುತ್ತಾರೆ.

ಎರಡನೇ ಕಂಡಿಕೆಯನ್ನು ಅದಕ್ಕೆ ಅನುಗುಣವಾಗಿ ತಿದ್ದುಪಡಿ ಮಾಡಲಾಗಿದೆ. ಇನ್ನು ಮುಂದೆ ಅದೇ ಅನುಮೋದಿತ ಉತ್ತರ. ಉತ್ತರ ನೀಡಿದ ನೌಕರರು ಅದರಂತೆ ಟೆರೇಸಿನ ಮೇಲೆ ಇರಲೇಬೇಕು ಎಂದೂ ಸ್ಪಷ್ಟಪಡಿಸಲಾಗಿದೆ.

13. ಶನಿವಾರದಂದು ಮೇಧಾ ಅವರಿಗೆ ಕುರುಬರಹಳ್ಳಿಯ ಟೆರೇಸನ್ನು ಕರ್ತವ್ಯದ ಸ್ಥಳವೆಂದು ಘೋಷಿಸಲಾಗಿದೆ. ಮೇಲ್ಕಂಡ ಹತ್ತನೇ ಕಂಡಿಕೆಯಲ್ಲಿ ಕಾಗೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೇ ಇರುವ ಲೋಪವನ್ನು ಸರಿಪಡಿಸುವ ಸಲುವಾಗಿ, ಕೆಳಗೆ ಸಹಿ ಮಾಡಿರುವ ಅಧಿಕಾರಿಯೂ ಕಾಗೆ ಓಡಿಸಲು ಕಪ್ಪು ಛತ್ರಿಯೊಂದಿಗೆ ಅಲ್ಲಿ ಹಾಜರಿರುತ್ತಾರೆ. ಮನೆಯಲ್ಲಿ ಛತ್ರಿ ಕೇಳಿದಾಗ ಮಳೆ ಬರುತ್ತದೆಯೇ ಎಂದು ಪತ್ನಿಯವರು ವಿಚಾರಿಸಿದ್ದು, ಮೊದಲ ಬಾರಿಗೆ “ಗೊತ್ತಿಲ್ಲ” ಎಂದು ಉತ್ತರಿಸಲಾಯಿತು. ಅವರು ನಂಬಿರುತ್ತಾರೆ.

ಈ ಮೇಲಿನ ಸೂಚನೆಗಳನ್ನು ಉಲ್ಲಂಘಿಸಿದವರನ್ನು ಮೋಡದ ಪ್ರೋಗ್ರಾಮಿನಿಂದ ತೆಗೆದು, ಹಾಜರಾತಿ ತಂತ್ರಾಂಶಕ್ಕೆ ವರ್ಗಾಯಿಸಲಾಗುವುದು. ಅಲ್ಲಿ ಹಾಜರಿ ದಿನಗಳನ್ನು ಈಗಲೂ ಕೂಡುವ ಬದಲು ಕಳೆಯಲಾಗುತ್ತಿದೆ ಎಂದು ತಿಳಿದುಬಂದಿದೆ.

(ಸಹಿ)
ಶ್ಯಾಮಸುಂದರ
ಉಪ ನಿರ್ದೇಶಕರು (ಆಡಳಿತ, ಹಾಗೂ ಶನಿವಾರದ ಮಟ್ಟಿಗೆ ಕಾಗೆ)
ದೀರ್ಘಾವಧಿ ವಾಯುಗುಣ ಗಣನಾ ಕೇಂದ್ರ

ಪ್ರತಿಗಳು:

1. ನಿರ್ದೇಶಕರ ಆಪ್ತ ಶಾಖೆಗೆ, ಮಾಹಿತಿಗಾಗಿ. ಶನಿವಾರ ದಯವಿಟ್ಟು ಕಾರು ತೊಳೆಯಬಾರದೆಂಬ ಕೋರಿಕೆಯೊಂದಿಗೆ.

2. ಶ್ರೀ ಸುಘೋಷ್ ಅವರಿಗೆ. ಫೆಬ್ರುವರಿ 30ರ ವಿವರಣೆ ಇನ್ನೂ ತಲುಪಿಲ್ಲ. “ತುಂಬಾ ಚೆನ್ನಾಗಿತ್ತು ಸಾರ್” ಎಂಬುದು ವಿವರಣೆಯಲ್ಲ.

3. ಕ್ಯಾಂಟೀನ್ ವ್ಯವಸ್ಥಾಪಕರಿಗೆ, ತಾಂತ್ರಿಕ ಸಲಹೆಗಾಗಿ ಧನ್ಯವಾದಗಳೊಂದಿಗೆ.

4. ಬೆರಳಚ್ಚು ಶಾಖೆಗೆ. ಒಂಬತ್ತನೇ ಕಂಡಿಕೆಯ ಬಗ್ಗೆ ಪ್ರತ್ಯೇಕವಾಗಿ ಮಾತನಾಡಲಾಗುವುದು.

5. ಕುಮಾರಿ ಮೇಧಾ ಅವರಿಗೆ, ಸೂಕ್ತ ಕ್ರಮಕ್ಕಾಗಿ. ಊಟ ಬಿಡತಕ್ಕದ್ದಲ್ಲ.

6. ಶ್ರೀಮತಿ ವೆಂಕಟಲಕ್ಷ್ಮಮ್ಮನವರಿಗೆ, ಡಬರಿ ಸಮೇತ. ಡಬರಿಯನ್ನು ಹುಣಸೆಹಣ್ಣು ಹಾಕಿ ತೊಳೆಯಲಾಗಿದೆ. ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಪದ್ಧತಿ ಇಲ್ಲದಿರುವುದರಿಂದ ಅದರಲ್ಲಿ ಕ್ಯಾಂಟೀನಿನ ಸಕ್ಕರೆಯನ್ನು ಹಾಕಲಾಗಿದೆ. ತಮಗೆ ಕಳುಹಿಸಬಹುದಾದ ಸಿಹಿ ಈ ಕಚೇರಿಯಲ್ಲಿ ಬೇರೆ ಏನೂ ಇರಲಿಲ್ಲ.